ಎದ್ದೇಳೋಕೇ ಮನಸ್ಸಿಲ್ಲದ ದಿನ ಏನು ಮಾಡ್ಬೇಕು? ಸಾಗರದ ಕಡೆಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನನಗೆ 43 ವರ್ಷ, ಸಾಗರ ತಾಲೂಕಿನ ಒಂದು ಹಳ್ಳಿಯವಳು. ಸೊಸೈಟಿಯಲ್ಲಿ ಕ್ಲರ್ಕ್ ಕೆಲಸ. ಮಾವನಿಗೆ ಸ್ಟ್ರೋಕ್ ಆಗಿ ಬಲಭಾಗ ಸ್ವಾಧೀನ ಇಲ್ಲ, ಹಾಸಿಗೆಯಲ್ಲೇ ಇದಾರೆ, ನೋಡ್ಕೊಳ್ಳೋದು ಹೆಚ್ಚಾಗಿ ನಾನೇ. ಯಜಮಾನರು ತೋಟದ ಕೆಲಸದಲ್ಲಿ ಇರ್ತಾರೆ, ಒಳ್ಳೆಯವರೇ, ಆದ್ರೆ ಮನೆ ಒಳಗಿನ ಕೆಲಸ ಅವರ ಕಣ್ಣಿಗೆ ಬೀಳಲ್ಲ. ಮಗ ಸೆಕೆಂಡ್ ಪಿಯುಸಿ. ವಾರಕ್ಕೆ ಎರಡ್ಮೂರು ದಿನ ಬೆಳಿಗ್ಗೆ ಏಳೋಕೇ ಆಗಲ್ಲ, ಕೈಕಾಲು ಓಡಲ್ಲ, ಸುಮ್ಸುಮ್ನೆ ಅಳು, ಸಿಟ್ಟು. ಮಾವನ ಮೇಲೂ ಒಮ್ಮೊಮ್ಮೆ ರೇಗ್ತೀನಿ, ಆಮೇಲೆ ಅದೇ ಕೊರಗು. ಮೊಬೈಲಲ್ಲಿ ನೋಡಿ ಬೆಳಿಗ್ಗೆ 5ಕ್ಕೆ ಎದ್ದು ಧ್ಯಾನ, ಡೈರಿ ಬರೆಯೋದು ಎಲ್ಲ ಶುರು ಮಾಡಿದ್ದೆ, ನಾಲ್ಕೇ ದಿನಕ್ಕೆ ನಿಂತೋಯ್ತು, ಈಗ ಅದೂ ಆಗ್ಲಿಲ್ವಲ್ಲ ಅನ್ನೋ ಬೇಜಾರು ಬೇರೆ. ರಾತ್ರಿ 1ರವರೆಗೂ ಫೋನ್ ನೋಡ್ತಾ ಇರ್ತೀನಿ, ದಿನಕ್ಕೆ ಐದಾರು ಸಲ ಕಾಫಿ, ಊಟದ ಟೈಮ್ ಮೂರಾದ್ರೂ ಆಯ್ತು ನಾಲ್ಕಾದ್ರೂ ಆಯ್ತು. ಇಂಥ ದಿನಗಳಿಗೆ ನನ್ನ ಕೈಲಿ ಆಗೋ ಅಂಥದ್ದು ಏನಾದ್ರೂ ಇದ್ಯಾ? ಮಗನಿಗೆ ಇದೆಲ್ಲ ಹೇಳ್ಬೇಕಾ, ಮುಚ್ಚಿಡಬೇಕಾ?

ಉತ್ತರ: ನಿಮ್ಮ ಪತ್ರ ಓದಿ ಮೊದಲು ಹೇಳ್ಬೇಕು ಅನ್ಸಿದ್ದು ಆ 5 ಗಂಟೆ ವಿಷಯ. ಅದು ನಿಂತೋಗಿದ್ದಕ್ಕೆ ನಿಮ್ಮಲ್ಲಿ ಶಿಸ್ತಿಲ್ಲ ಅಂತ ಅಂದ್ಕೊಂಡಿದೀರಿ, ಹಾಗಲ್ಲ. ರಾತ್ರಿ 1ಕ್ಕೆ ಮಲಗಿ, ಮಧ್ಯೆ ಮಾವನಿಗೋಸ್ಕರ ಎದ್ದು, ಮತ್ತೆ 5ಕ್ಕೆ ಏಳೋದು ಅಂದ್ರೆ ನಿದ್ದೆ ನಾಲ್ಕು ಗಂಟೆನೂ ಆಗಲ್ಲ, ಅದರ ಮೇಲೆ ಧ್ಯಾನ, ಡೈರಿ ಅಂತ ಇನ್ನೂ ಎರಡು ಕೆಲಸ ಹೇರಿಕೊಂಡ್ರಿ. ಈಗಾಗ್ಲೇ ಮೂರು ಜನರ ಕೆಲಸ ಮಾಡ್ತಿರೋರಿಗೆ ಆರೈಕೆ ಅನ್ನೋ ಹೆಸರಲ್ಲಿ ನಾಲ್ಕನೇದು ಕೊಟ್ಟ ಹಾಗಾಯ್ತು. ನಾನಾಗಿದ್ರೆ ಆ ವೇಳಾಪಟ್ಟಿನ ನಿಮಗೆ ಯಾವತ್ತೂ ಕೊಡ್ತಿರ್ಲಿಲ್ಲ. ನಿಮಗೆ ಬೇಕಾಗಿರೋದು ಕಷ್ಟದ ದಿನ ಏನೇನು ಬಿಡಬಹುದು ಅನ್ನೋ ಪಟ್ಟಿ, ಅದರ ಜೊತೆಗೆ ಏನಾದ್ರೂ ಸರಿ ಬಿಡಬಾರದು ಅನ್ನೋ ನಾಲ್ಕೈದು ಸಂಗತಿ, ಅಷ್ಟೇ.

ಬೇಸಿಗೆಯಲ್ಲಿ ನಿಮ್ಮ ಕಡೆ ವೋಲ್ಟೇಜ್ ಬಿದ್ದಾಗ ಏನ್ಮಾಡ್ತೀರಿ? ಮೋಟರ್ ಹಾಕಲ್ಲ, ಮಿಕ್ಸಿ ಹಾಕಲ್ಲ, ಒಂದೆರಡು ಲೈಟು ಉರಿದ್ರೆ ಸಾಕು ಅಂತ ಬಿಡ್ತೀರಿ, ಯಾರೂ ಅದಕ್ಕೆ ಬೇಜಾರು ಮಾಡ್ಕೊಳ್ಳಲ್ಲ. ಮೈಮನಸ್ಸಿಗೆ ಶಕ್ತಿ ಇಲ್ಲದ ದಿನಾನೂ ಹಾಗೇ ನಡೆಸ್ಬೇಕು. ನಾನು ಇದನ್ನ ಸಣ್ಣ ದಿನ ಅಂತ ಕರೀತೀನಿ. ಅದರಲ್ಲಿ ಮುಖ್ಯವಾದ ವಿಷಯ ಏನಂದ್ರೆ ಸಣ್ಣ ದಿನ ಹೇಗಿರ್ಬೇಕು ಅಂತ ಆ ದಿನಾನೇ ಕೂತು ಯೋಚ್ನೆ ಮಾಡೋಕೆ ಹೋಗ್ಬಾರ್ದು. ಯಾಕಂದ್ರೆ ಮನಸ್ಸು ಕುಸಿದಾಗ ಮೊದಲು ಕೈ ಕೊಡೋದೇ ತೀರ್ಮಾನ ತಗೊಳ್ಳೋ ಶಕ್ತಿ, ತಿಂಡಿಗೆ ಏನು ಮಾಡೋದು ಅನ್ನೋದೂ ಆಗ ದೊಡ್ಡ ಸಮಸ್ಯೆ ಆಗಿ ನಿಲ್ಲುತ್ತೆ. ನಿಮಗೆ ವಾರದಲ್ಲಿ ನಾಲ್ಕು ದಿನ ಸರಿ ಇರುತ್ತೆ ಅಂದ್ರಲ್ಲ, ಅಂಥ ಒಂದು ದಿನ ಕೂತು ಒಂದು ಹಾಳೆಯಲ್ಲಿ ಬರ್ದು ಅಡುಗೆಮನೆ ಕಪಾಟಿನ ಬಾಗಿಲ ಒಳಗಡೆ ಅಂಟಿಸಿ. ಕಷ್ಟದ ದಿನ ಅದನ್ನ ನೋಡಿ ಹಾಗೇ ಮಾಡೋದು, ಯೋಚ್ನೆ ಬೇಡ.

ಆ ಹಾಳೆಯಲ್ಲಿ ಮೊದಲು ಬಿಡೋದನ್ನ ಬರೀರಿ. ದೋಸೆಗೆ ರುಬ್ಬೋದು, ಅಂಗಳ ಪೂರ್ತಿ ಗುಡಿಸಿ ಸಾರಿಸೋದು, ಬಟ್ಟೆ ಇಸ್ತ್ರಿ, ನೆಂಟರ ವಾಟ್ಸಾಪ್ ಗ್ರೂಪಲ್ಲಿ ಎಲ್ಲರಿಗೂ ಉತ್ತರ ಕೊಡೋದು, ಎರಡು ಥರ ಪಲ್ಯ, ಯಾರೋ ಕರೆದ ಅರಿಶಿನ ಕುಂಕುಮ. ನಿಮ್ಮ ಮನೆಗೆ ತಕ್ಕ ಹಾಗೆ ನೀವೇ ಸೇರಿಸ್ಕೊಳ್ಳಿ, ಪಟ್ಟಿ ಉದ್ದ ಇದ್ದಷ್ಟೂ ಒಳ್ಳೇದು. ಬರೀವಾಗ ಕೈ ಹಿಂಜರಿಯುತ್ತೆ ಗೊತ್ತು, ಅತ್ತಿಗೆ ಏನಂದ್ಕೋತಾಳೋ ಪಕ್ಕದ ಮನೆಯವರು ಏನಂದ್ಕೋತಾರೋ ಅಂತ, ಆದ್ರೂ ಬರೀರಿ. ಇದನ್ನ ಮನೆಯವರಿಗೂ ತೋರಿಸಿ, ಇಂಥ ದಿನ ಇವು ಆಗಲ್ಲ ಅಂತ ಮೊದಲೇ ಗೊತ್ತಿದ್ರೆ ಆ ದಿನ ಮತ್ತೆ ವಿವರಣೆ ಕೊಡೋ ಕಷ್ಟ ನಿಮಗಿರಲ್ಲ.

ಈಗ ಬಿಡಬಾರದ್ದು. ಏಳೋ ಹೊತ್ತು ಒಂದೇ ಇರ್ಲಿ, 6 ಅಂದ್ರೆ 6. ರಾತ್ರಿ ನಿದ್ದೆ ಕೆಟ್ಟಿದ್ರೂ ಬೆಳಿಗ್ಗೆ ಏಳೋ ಟೈಮ್ ಬದಲಾಯಿಸ್ಬೇಡಿ, ಬೇಕಾದ್ರೆ ಮಧ್ಯಾಹ್ನ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ನಮ್ಮ ಮಿದುಳಲ್ಲಿ ಒಂದು ಗಡಿಯಾರ ಇದೆ, ಅದು ದಿನಾ ಸರಿಹೊಂದೋದು ಬೆಳಿಗ್ಗೆಯ ಬೆಳಕಿಂದ. ಅದಕ್ಕೆ ಎದ್ದ ಒಂದು ಗಂಟೆ ಒಳಗೆ ಹತ್ತು ಹದಿನೈದು ನಿಮಿಷ ಹೊರಗಡೆ ಇರಿ, ಅಂಗಳದಲ್ಲೋ ಕೊಟ್ಟಿಗೆ ಹತ್ರನೋ, ಹೂ ಕೊಯ್ಯೋ ನೆಪದಲ್ಲಾದ್ರೂ ಸರಿ. ಮಲೆನಾಡಿನ ಮಳೆಗಾಲದಲ್ಲಿ ಸೂರ್ಯನ ಮುಖಾನೇ ಕಾಣಲ್ವಲ್ಲ ಅಂತ ಕೇಳ್ಬಹುದು, ಆದ್ರೆ ಮನೆ ಒಳಗೆ ಟ್ಯೂಬ್‌ಲೈಟ್ ಬೆಳಕು ಬರೀ ಕೆಲವು ನೂರು ಲಕ್ಸ್ (ಬೆಳಕು ಅಳೆಯೋ ಮಾನ) ಇದ್ರೆ ಮೋಡ ಕವಿದ ದಿನಾನೂ ಹೊರಗಡೆ ಸಾವಿರದ ಲೆಕ್ಕದಲ್ಲಿ ಇರುತ್ತೆ, ನಮ್ಮ ಕಣ್ಣು ಹೊಂದ್ಕೊಂಡುಬಿಡೋದ್ರಿಂದ ಆ ವ್ಯತ್ಯಾಸ ಗೊತ್ತಾಗಲ್ಲ ಅಷ್ಟೇ. ಜಗಲಿಯ ತುದಿಯಲ್ಲಿ ಕೂತ್ರೂ ನಡೆಯುತ್ತೆ.

ಆಮೇಲೆ ಊಟ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಮನಸ್ಸಿನ ಕಷ್ಟ ಅಂತ ಬರೋ ಹೆಂಗಸರಲ್ಲಿ ಎಷ್ಟೋ ಜನ ಬೆಳಿಗ್ಗೆಯಿಂದ ಬರೀ ಕಾಫಿ ಮೇಲೆ ಇರ್ತಾರೆ, ಎಲ್ಲರಿಗೂ ಬಡಿಸಿ ಆಮೇಲೆ ತಾವು ಅನ್ನೋ ಲೆಕ್ಕದಲ್ಲಿ ಮೂರು ಗಂಟೆ ಆಗಿರುತ್ತೆ. ತುಂಬ ಹೊತ್ತು ಹೊಟ್ಟೆ ಖಾಲಿ ಇದ್ದಾಗ ಕೈ ನಡುಗೋದು, ಎದೆ ಹೊಡ್ಕೊಳ್ಳೋದು, ಬೆವರು, ಸಣ್ಣದಕ್ಕೂ ರೇಗೋದು ಎಲ್ಲ ಆಗುತ್ತೆ, ಅದು ಆತಂಕದ ಲಕ್ಷಣದ ಹಾಗೇ ಇರೋದ್ರಿಂದ ನನಗೇನೋ ಆಗಿದೆ ಅಂತ ಹೆದರಿಕೆನೂ ಸೇರ್ಕೊಳ್ಳುತ್ತೆ. ಹಾಗಾಗಿ ಸಣ್ಣ ದಿನದ ಹಾಳೆಯಲ್ಲಿ ಮೂರು ಹೊತ್ತಿನ ಊಟ ಬರ್ದಿಡಿ, ಒಲೆ ಮುಂದೆ ಜಾಸ್ತಿ ನಿಲ್ಲದೆ ಆಗೋ ಅಂಥದ್ದು. ಬೆಳಿಗ್ಗೆ ಮೊಸರವಲಕ್ಕಿ, ಮಧ್ಯಾಹ್ನ ಅನ್ನ ಒಂದೆಲಗದ ತಂಬುಳಿ, ರಾತ್ರಿ ಗಂಜಿ ಉಪ್ಪಿನಕಾಯಿ, ಜೊತೆಗೆ ಒಂದು ಹಿಡಿ ಶೇಂಗಾ ಇಲ್ಲಾ ಬೇಯಿಸಿದ ಹೆಸರುಕಾಳು, ಮೊಟ್ಟೆ ತಿನ್ನೋರಾದ್ರೆ ಒಂದು ಮೊಟ್ಟೆ. ಮನೆಯವರೂ ಆ ದಿನ ಅದನ್ನೇ ತಿಂತಾರೆ, ಏನೂ ಆಗಲ್ಲ. ಮಾವನಿಗೆ ನುಂಗೋದಕ್ಕೆ ತೊಂದರೆ ಇದ್ರೆ ಅವರದ್ದು ಮಾತ್ರ ಡಾಕ್ಟ್ರು ಹೇಳಿದ ಹಾಗೆ. ಅವರಿಗೆ ಊಟ ಮಾಡಿಸೋ ಮುಂಚೆ ನೀವು ಎರಡು ತುತ್ತಾದ್ರೂ ತಿಂದು ಕೂತ್ಕೊಳ್ಳಿ, ನಿಮ್ಮ ರೇಗಾಟ ಅಲ್ಲೇ ಎಷ್ಟೋ ಕಮ್ಮಿ ಆಗ್ಬಹುದು.

ಕಾಫಿ ಬಿಡಿ ಅಂತ ನಾನು ಹೇಳಲ್ಲ, ಮಲೆನಾಡಿನವರಿಗೆ ಹಾಗೆ ಹೇಳಿದ್ರೆ ನಡೆಯೋದೂ ಇಲ್ಲ. ಆದ್ರೆ ಒಂದು ಲೆಕ್ಕ ಗೊತ್ತಿರ್ಲಿ, ಕುಡಿದ ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯೋಕೆ ಹೆಚ್ಚುಕಮ್ಮಿ 5 ಗಂಟೆ ಬೇಕು, ಅಂದ್ರೆ ಸಂಜೆ 6ಕ್ಕೆ ಕುಡಿದಿದ್ರಲ್ಲಿ ಅರ್ಧ ರಾತ್ರಿ 11ಕ್ಕೂ ಮೈಯಲ್ಲೇ ಇರುತ್ತೆ. ದಿನವಿಡೀ ಮಿದುಳಲ್ಲಿ ಅಡೆನೋಸಿನ್ ಅನ್ನೋ ಪದಾರ್ಥ ಶೇಖರ ಆಗ್ತಾ ಬಂದು ಸಂಜೆ ಹೊತ್ತಿಗೆ ನಿದ್ದೆ ಎಳೆಯೋ ಹಾಗೆ ಮಾಡುತ್ತೆ, ಕೆಫೀನ್ ಅದರ ಜಾಗದಲ್ಲಿ ಹೋಗಿ ಕೂತು ಅದಕ್ಕೆ ಕೆಲಸ ಮಾಡೋಕೆ ಬಿಡಲ್ಲ, ಸುಸ್ತು ಹೋಗಿರಲ್ಲ, ಗೊತ್ತಾಗದ ಹಾಗೆ ಮುಚ್ಚಿರುತ್ತೆ. ಮಧ್ಯಾಹ್ನ 2ರ ಒಳಗೆ ಎರಡು ಮೂರು ಲೋಟ ಮುಗಿಸಿ, ಆಮೇಲೆ ಕಷಾಯನೋ ಮಜ್ಜಿಗೆನೋ ನೋಡಿ. ಒಂದೇ ಸಲ ನಿಲ್ಲಿಸ್ಬೇಡಿ, ತಲೆನೋವು ಬರುತ್ತೆ, ವಾರಕ್ಕೆ ಒಂದೊಂದು ಲೋಟ ಕಮ್ಮಿ ಮಾಡ್ತಾ ಹೋಗಿ. ಇನ್ನೊಂದು ವಿಷಯ, ಊಟದ ಜೊತೆಗೇ ಕಾಫಿ ಟೀ ಕುಡಿದ್ರೆ ಊಟದಲ್ಲಿರೋ ಕಬ್ಬಿಣದಂಶ ಮೈಗೆ ಹತ್ತೋದು ಕಮ್ಮಿ ಆಗುತ್ತೆ, ಇದು ಯಾಕೆ ನಿಮಗೆ ಮುಖ್ಯ ಅಂತ ಮುಂದೆ ಹೇಳ್ತೀನಿ.

ಇನ್ನು ರಾತ್ರಿ ಫೋನು. ಇದನ್ನ ಕೆಟ್ಟ ಚಟ ಅಂತ ಬೈಯೋಕೆ ನನಗೆ ಮನಸ್ಸು ಬರ್ತಿಲ್ಲ. ಬೆಳಿಗ್ಗೆಯಿಂದ ರಾತ್ರಿ 11ರವರೆಗೆ ನಿಮ್ಮ ಒಂದು ನಿಮಿಷಾನೂ ನಿಮ್ಮದಲ್ಲ, ಸೊಸೈಟಿಯದ್ದು, ಮಾವನದ್ದು, ಅಡುಗೆಮನೆಯದ್ದು. ಎಲ್ಲರೂ ಮಲಗಿದ ಮೇಲೆ ಸಿಗೋ ಎರಡು ಗಂಟೆ ಮಾತ್ರ ಯಾರೂ ಕೇಳದೇ ಇರೋ ನಿಮ್ಮ ಸ್ವಂತ ಸಮಯ, ಅದನ್ನ ಬಿಟ್ಟುಕೊಡೋಕೆ ಮನಸ್ಸು ಒಪ್ಪಲ್ಲ, ನಿದ್ದೆ ಕೊಟ್ಟು ಅದನ್ನ ಕೊಂಡ್ಕೋತೀರಿ. ಹಾಗಾಗಿ ಫೋನ್ ದೂರ ಇಡಿ ಅಂದ್ರೆ ಪ್ರಯೋಜನ ಇಲ್ಲ, ಆ ಸ್ವಂತ ಸಮಯ ಸಂಜೆನೇ ಸಿಗೋ ಹಾಗೆ ಮಾಡ್ಕೋಬೇಕು, ಅರ್ಧ ಗಂಟೆ ಆದ್ರೂ ಸರಿ. ಕೆಲಸದಿಂದ ಬಂದ ತಕ್ಷಣ ಅಡುಗೆಮನೆಗೆ ಹೋಗದೆ ಅರ್ಧ ಗಂಟೆ ನಿಮ್ಮದು, ಆ ಹೊತ್ತಲ್ಲಿ ರೀಲ್ಸ್ ನೋಡಿ, ಧಾರಾವಾಹಿ ನೋಡಿ, ಅಕ್ಕನಿಗೆ ಫೋನ್ ಮಾಡಿ, ಸುಮ್ಮನೆ ಕೂತ್ಕೊಳ್ಳಿ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿರೋ ನಿಯಮ ಆಗ್ಬೇಕು. ಇದು ಸಿಕ್ತು ಅಂದ್ರೆ ರಾತ್ರಿ 11ಕ್ಕೆ ಮಲಗೋದು ಅಷ್ಟು ಕಷ್ಟ ಆಗಲ್ಲ. ಮಲಗಿ ಇಪ್ಪತ್ತು ನಿಮಿಷ ಆದ್ರೂ ನಿದ್ದೆ ಬರ್ಲಿಲ್ಲ ಅಂದ್ರೆ ಹೊರಳಾಡ್ತಾ ಇರ್ಬೇಡಿ, ಎದ್ದು ಮಂದ ಬೆಳಕಲ್ಲಿ ಬಟ್ಟೆ ಮಡಚೋ ಥರದ ಸಪ್ಪೆ ಕೆಲಸ ಮಾಡಿ, ತೂಕಡಿಕೆ ಬಂದ ಮೇಲೆ ಹಾಸಿಗೆಗೆ ಹೋಗಿ. ರಿಚರ್ಡ್ ಬೂಟ್ಜಿನ್ ಅನ್ನೋ ಮನಶ್ಶಾಸ್ತ್ರಜ್ಞರು 1972ರಲ್ಲೇ ಈ ವಿಧಾನ ವಿವರಿಸಿದ್ರು, ಹಾಸಿಗೆ ಅಂದ್ರೆ ನಿದ್ದೆ ಅನ್ನೋ ಸಂಬಂಧ ಮಿದುಳಿಗೆ ಮತ್ತೆ ಕಲಿಸೋದು ಅದರ ಉದ್ದೇಶ, ಇವತ್ತಿಗೂ ನಿದ್ರಾಹೀನತೆಯ ಚಿಕಿತ್ಸೆಯಲ್ಲಿ ಅದು ಮುಖ್ಯ ಭಾಗ.

ಮನಸ್ಸೇ ಇಲ್ಲದಾಗ ಇದೆಲ್ಲ ಹೇಗೆ ಮಾಡೋದು, ಮನಸ್ಸು ಸರಿಹೋದ ಮೇಲೆ ಮಾಡ್ತೀನಿ ಅಂತ ಅನ್ಸುತ್ತೆ. ಇಲ್ಲಿ ಎಲ್ಲರೂ ಸಿಕ್ಕಿಹಾಕ್ಕೊಳ್ತಾರೆ. ಪೀಟರ್ ಲೆವಿನ್‌ಸನ್ ಅನ್ನೋ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಇದನ್ನ ಚೆನ್ನಾಗಿ ಬಿಡಿಸಿ ತೋರಿಸಿದ್ರು. ಮನಸ್ಸು ಕುಗ್ಗಿದಾಗ ನಾವು ಕೆಲಸ ಕಮ್ಮಿ ಮಾಡ್ತೀವಿ, ಜನರನ್ನ ತಪ್ಪಿಸ್ಕೋತೀವಿ, ಆಗ ಸಂತೋಷ ಕೊಡೋ ಅಂಥದ್ದೂ ಮಾಡಿ ಮುಗಿಸಿದೆ ಅನ್ನೋ ತೃಪ್ತಿ ಕೊಡೋ ಅಂಥದ್ದೂ ದಿನದಿಂದ ಮಾಯ ಆಗುತ್ತೆ, ಅದರಿಂದ ಮನಸ್ಸು ಇನ್ನೂ ಕುಗ್ಗುತ್ತೆ. ಈ ಸುತ್ತನ್ನ ಮುರಿಯೋದು ಯೋಚ್ನೆಯ ಕಡೆಯಿಂದ ಕಷ್ಟ, ಕೆಲಸದ ಕಡೆಯಿಂದ ಸುಲಭ, ಮನಸ್ಸು ಬರ್ಲಿ ಅಂತ ಕಾಯದೆ ತುಂಬ ಸಣ್ಣ ಒಂದು ಕೆಲಸ ಮಾಡಿದ್ರೆ ಮನಸ್ಸು ಹಿಂದಿಂದ ಬರುತ್ತೆ. ಇದು ಬರೀ ಪುಸ್ತಕದ ಮಾತಲ್ಲ, ನಮ್ಮ ಪಕ್ಕದ ಗೋವಾದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರೋ ಖಿನ್ನತೆಯ ರೋಗಿಗಳ ಮೇಲೆ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಇದನ್ನ ಪರೀಕ್ಷೆ ಮಾಡಿದ್ರು. ಸಲಹೆ ಕೊಟ್ಟೋರು ಡಾಕ್ಟ್ರಲ್ಲ, ತರಬೇತಿ ತಗೊಂಡ ಸ್ಥಳೀಯ ಸಾಮಾನ್ಯ ಜನ. ಆರರಿಂದ ಎಂಟು ಸಲ ಕೂತು ಮಾತಾಡಿ, ದಿನದಲ್ಲಿ ಏನೇನು ಸಣ್ಣ ಕೆಲಸ ಮತ್ತೆ ಶುರು ಮಾಡ್ಬಹುದು ಅಂತ ಜೊತೆಗೂಡಿ ಗೊತ್ತು ಮಾಡೋದು, ಮುಖ್ಯವಾಗಿ ಇಷ್ಟೇ. ಮೂರು ತಿಂಗಳ ಹೊತ್ತಿಗೆ ಬರೀ ಮಾಮೂಲಿ ಚಿಕಿತ್ಸೆ ತಗೊಂಡೋರಿಗಿಂತ ಇವರಲ್ಲಿ ಚೇತರಿಕೆ ಜಾಸ್ತಿ ಇತ್ತು, 2017ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ನಿಮ್ಮ ಮಟ್ಟಿಗೆ ಸಣ್ಣ ಕೆಲಸ ಅಂದ್ರೆ ನಿಜವಾಗ್ಲೂ ಸಣ್ಣದು. ಮನೆ ಕ್ಲೀನ್ ಮಾಡೋದಲ್ಲ, ಸಿಂಕಿನಲ್ಲಿರೋ ಲೋಟಗಳನ್ನ ಮಾತ್ರ ತೊಳೆಯೋದು. ವಾಕಿಂಗ್ ಅಲ್ಲ, ಗೇಟಿನ ತನಕ ಹೋಗಿ ಬರೋದು. ಇಂಥ ಒಂದು ಕೈಕೆಲಸ, ಇನ್ನೊಂದು ಬರೀ ನಿಮ್ಮ ಖುಷಿಗೆ, ಒಂದು ಹಾಡು ಪೂರ್ತಿ ಕೇಳೋದು, ಜಾಜಿ ಮೊಗ್ಗು ಕಟ್ಟೋದು, ಏನೋ ಒಂದು, ಎರಡೂ ಆ ಹಾಳೆಯಲ್ಲಿ ಇರ್ಲಿ. ಮತ್ತೆ ಒಬ್ಬರ ಹತ್ರ ಐದು ನಿಮಿಷ ಮಾತು. ನನಗೆ ಹೀಗೆ ಅಂತ ಹೇಳ್ಕೊಳ್ಳೋ ಮಾತೇ ಆಗ್ಬೇಕು ಅಂತಿಲ್ಲ, ಅಡಿಕೆ ರೇಟು ಏನಾಯ್ತು ಅಂತ ಕೇಳಿದ್ರೂ ಸಾಕು, ಇನ್ನೊಬ್ಬರ ದನಿ ಕಿವಿಗೆ ಬೀಳ್ಬೇಕು ಅಷ್ಟೇ.

ಮಾವನ ಮೇಲೆ ರೇಗೋ ವಿಷಯ ಬರೆದಿದೀರಲ್ಲ, ಅದನ್ನ ಬರೆಯೋಕೆ ಎಷ್ಟು ಹಿಂಜರಿದಿರ್ತೀರಿ ಅಂತ ಗೊತ್ತಾಗುತ್ತೆ. ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋ ಮನೆಗಳಲ್ಲಿ ಇದು ತುಂಬ ಸಾಮಾನ್ಯ, ಯಾರೂ ಬಾಯಿಬಿಟ್ಟು ಹೇಳಲ್ಲ. ಪ್ರೀತಿ ಇಲ್ಲ ಅಂತ ಸಿಟ್ಟು ಬರೋದಲ್ಲ, ನಿದ್ದೆ ಇಲ್ಲದೆ, ಊಟ ಇಲ್ಲದೆ, ಕೈ ಬದಲಾಯಿಸೋರು ಇಲ್ಲದೆ ಬರೋದು. ಸಿಟ್ಟು ಏರ್ತಾ ಇದೆ ಅಂತ ಗೊತ್ತಾದ ಕೂಡ್ಲೇ ಅವರನ್ನ ಒಂದು ಮಗ್ಗುಲಿಗೆ ಭದ್ರವಾಗಿ ಮಲಗಿಸಿ ದಿಂಬು ಕೊಟ್ಟು, ಈಗ ಬಂದೆ ಮಾವಾ ಅಂತ ಹೇಳಿ ಹೊರಗೆ ಬನ್ನಿ, ಬಚ್ಚಲಿಗೆ ಹೋಗಿ ಮುಖಕ್ಕೆ ತಣ್ಣೀರು ಹಾಕಿ. ಆಮೇಲೆ ಉಸಿರು, ನಾಲ್ಕು ಎಣಿಸೋ ಅಷ್ಟು ಹೊತ್ತು ಒಳಗೆ, ಆರು ಎಣಿಸೋ ಅಷ್ಟು ಹೊತ್ತು ನಿಧಾನಕ್ಕೆ ಹೊರಗೆ, ಹೀಗೆ ಮೂರು ನಿಮಿಷ. ಉಸಿರು ಬಿಡೋದು ಉದ್ದ ಆದಾಗ ವೇಗಸ್ ಅನ್ನೋ ನರದ ಮೂಲಕ ಎದೆಬಡಿತ ನಿಧಾನ ಆಗುತ್ತೆ, ನಿಮಿಷಕ್ಕೆ ಆರು ಉಸಿರಿನ ಹತ್ರ ಬಂದಾಗ ಮೈ ತಣಿಯೋದು ಗೊತ್ತಾಗುತ್ತೆ. ಕೆಲವರಿಗೆ ಉಸಿರನ್ನೇ ಗಮನಿಸಿದ್ರೆ ಗಾಬರಿ ಜಾಸ್ತಿ ಆಗುತ್ತೆ, ಅಂಥೋರು ಬರಿಗಾಲಲ್ಲಿ ನೆಲದ ಮೇಲೆ ನಿಂತು ಸುತ್ತ ಕಾಣೋ ವಸ್ತುಗಳ ಹೆಸರು ಒಂದೊಂದಾಗಿ ಹೇಳ್ಕೊಂಡ್ರೂ ಆಗುತ್ತೆ. ಕೈ ಎತ್ತಿಬಿಡ್ತೀನೇನೋ ಅನ್ನೋ ಮಟ್ಟಕ್ಕೆ ಬಂದಿದ್ರೆ ಅದು ಇನ್ನೊಬ್ಬರು ಆ ಕೆಲಸ ತಗೊಳ್ಳೇಬೇಕು ಅನ್ನೋದರ ಗುರುತು, ಆ ದಿನವೇ ಮನೆಯವರಿಗೆ ಹೇಳಿ.

ಈಗ ನಿಮಗೆ ಇಷ್ಟ ಆಗದೇ ಇರೋ ಮಾತಿಗೆ ಬರ್ತೀನಿ. ನಾನು ಮೇಲೆ ಹೇಳಿದ್ದೆಲ್ಲ ಮಾಡಿದ್ರೂ, ಮಾವನ ಆರೈಕೆ ಪೂರ್ತಿ ನಿಮ್ಮೊಬ್ಬರ ಮೇಲೇ ಇರೋ ತನಕ ಅದು ಸ್ವಲ್ಪ ಮಟ್ಟಿಗೆ ಮಾತ್ರ ಸಹಾಯ ಮಾಡುತ್ತೆ. ತಾವಾಗಿ ಮಗ್ಗುಲು ಬದಲಾಯಿಸೋಕೆ ಆಗದೇ ಇರೋರಿಗೆ ಬೆನ್ನುಹುಣ್ಣು ಆಗ್ಬಾರ್ದು ಅಂತ ಎರಡು ಗಂಟೆಗೊಮ್ಮೆ ಹೊರಳಿಸ್ಬೇಕು ಅಂತ ಸಾಮಾನ್ಯವಾಗಿ ಹೇಳಿಕೊಟ್ಟಿರ್ತಾರೆ, ರಾತ್ರಿನೂ ಅದನ್ನ ನೀವೊಬ್ಬರೇ ಮಾಡ್ತಿದ್ರೆ ಯಾವ ಧ್ಯಾನವೂ ಆ ನಿದ್ದೆ ವಾಪಸ್ ಕೊಡಲ್ಲ. ಏರ್ ಬೆಡ್ ಇಲ್ಲದಿದ್ರೆ ಒಂದು ತನ್ನಿ, ಅದು ಇದ್ರೆ ರಾತ್ರಿ ಅಂತರ ಎಷ್ಟು ಹೆಚ್ಚಿಸಬಹುದು ಅಂತ ಡಾಕ್ಟ್ರನ್ನ ಕೇಳಿ. ಮತ್ತೆ ಯಜಮಾನರ ಹತ್ರ ಮಾತಾಡಿ. ಅವರಿಗೆ ಕಾಣೋದಿಲ್ಲ ಅಂದ್ರಲ್ಲ, ಕಾಣೋದಿಲ್ಲ ಅಂದ್ಮೇಲೆ ತೋರಿಸ್ಬೇಕು. ನನಗೆ ಸ್ವಲ್ಪ ಸಹಾಯ ಮಾಡಿ ಅಂದ್ರೆ ಅವರು ಹ್ಞೂಂ ಅಂತಾರೆ, ಏನು ಮಾಡ್ಬೇಕು ಅಂತ ತಿಳಿಯದೆ ತೋಟಕ್ಕೆ ಹೋಗ್ತಾರೆ, ನೀವು ಬೇಜಾರು ಮಾಡ್ಕೋತೀರಿ. ಹಾಗಾಗಿ ದಿನ, ಹೊತ್ತು, ಕೆಲಸ ಮೂರೂ ಸೇರಿಸಿ ಕೇಳಿ. "ರೀ, ಮಂಗಳವಾರ ಶುಕ್ರವಾರ ರಾತ್ರಿ ಮಾವನ್ನ ನೀವು ನೋಡ್ಕೊಳ್ಳಿ, ಹನ್ನೊಂದರಿಂದ ಆರರವರೆಗೆ, ನಾನು ಆ ರಾತ್ರಿ ಮಹಡಿ ಮೇಲೆ ಮಲಗ್ತೀನಿ" ಅಂತ. ಬೇರೆ ಕೋಣೆಯಲ್ಲಿ ಮಲಗೋದು ಮುಖ್ಯ, ಪಕ್ಕದಲ್ಲೇ ಇದ್ರೆ ಅವರು ಏಳೋ ಮುಂಚೆ ನೀವೇ ಎದ್ದಿರ್ತೀರಿ. ಮೊದಲ ಸಲ ಹಾಸಿಗೆ ಬಟ್ಟೆ ಸರಿಯಾಗಿ ಹಾಕಿರಲ್ಲ, ಹಾಕದೆ ಇರ್ಲಿ, ಹೋಗಿ ಸರಿಮಾಡ್ಬೇಡಿ. ನಾದಿನಿಯರೋ ಮೈದುನರೋ ಇದ್ರೆ ಅವರಿಗೂ ಹಾಗೇ ಕೇಳಿ, ಎರಡು ತಿಂಗಳಿಗೊಮ್ಮೆ ನಾಲ್ಕು ದಿನ ಬಂದು ಇರಿ ಅಂತ, ಬರೋಕೆ ಆಗಲ್ಲ ಅಂದ್ರೆ ವಾರಕ್ಕೆ ಮೂರು ದಿನ ಹಗಲು ಸಹಾಯಕ್ಕೆ ಬರೋರ ಸಂಬಳ ಕೊಡ್ಲಿ. ಇದು ಅವರ ಅಪ್ಪ, ಕೇಳೋದ್ರಲ್ಲಿ ತಪ್ಪೇನಿಲ್ಲ.

ಚಿಂತೆ ಬಗ್ಗೆ ಒಂದೇ ಮಾತು. ಸಂಜೆ ನಿಮ್ಮ ಅರ್ಧ ಗಂಟೆ ಆದ್ಮೇಲೆ ಹತ್ತು ಹದಿನೈದು ನಿಮಿಷ ಒಂದು ಹಳೇ ನೋಟ್‌ಬುಕ್ ಇಟ್ಕೊಂಡು ತಲೆಯಲ್ಲಿ ಓಡ್ತಿರೋದೆಲ್ಲ ಬರೀರಿ, ಮಗನ ಫೀಸು, ಮಾವನ ಮಾತ್ರೆ, ಸಾಲದ ಕಂತು. ಯಾವುದಕ್ಕೆ ನಾಳೆ ಏನಾದ್ರೂ ಮಾಡ್ಬಹುದೋ ಅದರ ಮುಂದೆ ಆ ಒಂದು ಕೆಲಸ ಬರೀರಿ, ಉಳಿದಿದ್ದು ಹಾಗೇ ಇರ್ಲಿ. ರಾತ್ರಿ ಮತ್ತೆ ಬಂದ್ರೆ ನಾಳೆ ಸಂಜೆ ನಿನ್ನ ಸರದಿ ಅಂತ ಹೇಳಿ ಮುಂದೂಡಿ. ಥಾಮಸ್ ಬೋರ್ಕೊವೆಕ್ ಅನ್ನೋ ಸಂಶೋಧಕರು 1983ರಲ್ಲಿ ಈ ಥರ ಚಿಂತೆಗೆ ಹೊತ್ತು ಜಾಗ ಗೊತ್ತು ಮಾಡಿದ್ರೆ ದಿನವಿಡೀ ಕಾಡೋದು ಕಮ್ಮಿ ಆಗುತ್ತೆ ಅಂತ ತೋರಿಸಿದ್ರು. ನೀವು ಶುರು ಮಾಡಿ ನಿಲ್ಲಿಸಿದ ಡೈರಿಗಿಂತ ಇದು ಸುಲಭ, ಚೆಂದ ಬರೀಬೇಕಾಗಿಲ್ಲ.

ಇನ್ನು ರಕ್ತಪರೀಕ್ಷೆ. ಇದನ್ನ ಈ ವಾರವೇ ಮಾಡಿಸಿ. ನಿಮಗೆ 43, ಈ ವಯಸ್ಸಲ್ಲಿ ಮುಟ್ಟು ಏರುಪೇರಾಗೋಕೆ ಶುರು ಆಗ್ಬಹುದು, ರಕ್ತಸ್ರಾವ ಜಾಸ್ತಿ ಆಗ್ತಿದ್ರೆ ಹಿಮೋಗ್ಲೋಬಿನ್ ಇಳಿದಿರ್ಬಹುದು. ಗರ್ಭಿಣಿ ಅಲ್ಲದ ಹೆಂಗಸರಿಗೆ 12ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ ಅಂತ ಲೆಕ್ಕ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಅದಿತ್ತು. ಕಾಫಿ ಮತ್ತು ಕಬ್ಬಿಣದಂಶದ ಮಾತು ಹೇಳಿದ್ದು ಇದಕ್ಕೇ. ರಕ್ತ ಕಮ್ಮಿ ಇದ್ರೆ ಸುಸ್ತು, ಏದುಸಿರು, ಎದೆ ಡವಡವ, ಥೈರಾಯ್ಡ್ ಕಮ್ಮಿ ಇದ್ರೆ ಸುಸ್ತು, ಬೇಜಾರು, ಮೈ ಭಾರ, ಬಿ12 ಕಮ್ಮಿ ಇದ್ರೂ ಮಂಕು, ಇದೆಲ್ಲ ಮನಸ್ಸಿನ ಕಾಯಿಲೆ ಥರಾನೇ ಕಾಣುತ್ತೆ. ಹಿಮೋಗ್ಲೋಬಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ಬಿ12, ಶುಗರ್ ನಾಲ್ಕೂ ಮಾಡಿಸಿ ಡಾಕ್ಟ್ರಿಗೆ ತೋರಿಸಿ. ರಕ್ತ 8 ಇರೋರಿಗೆ ಯಾರಾದ್ರೂ ಪಾಸಿಟಿವ್ ಆಗಿ ಯೋಚ್ನೆ ಮಾಡಿ ಅಂತ ಹೇಳ್ತಾ ಕೂತ್ರೆ ಅದು ಅನ್ಯಾಯ.

ಸದ್ಯಕ್ಕೆ ನಿಮಗೆ ವಾರದಲ್ಲಿ ಎರಡ್ಮೂರು ದಿನ ಹೀಗೆ ಆಗ್ತಿದೆ, ಉಳಿದ ದಿನ ಸರಿ ಇರ್ತೀರಿ. ಇದು ಹೆಚ್ಚುಕಮ್ಮಿ ದಿನಾಲೂ ಆಗೋಕೆ ಶುರು ಆಗಿ, ದಿನದ ಬಹುಪಾಲು ಹೊತ್ತು ಎರಡು ವಾರಕ್ಕಿಂತ ಜಾಸ್ತಿ ಹಾಗೇ ಇದ್ರೆ, ಮೊದಲು ಇಷ್ಟ ಆಗ್ತಿದ್ದ ಯಾವುದೂ ಬೇಡ ಅನ್ಸಿದ್ರೆ, ಊಟ ನಿದ್ದೆ ಪೂರ್ತಿ ಕೆಟ್ರೆ, ಅದು ಖಿನ್ನತೆ ಇರ್ಬಹುದು, ಸಣ್ಣ ದಿನದ ಹಾಳೆ ಅದಕ್ಕೆ ಸಾಲಲ್ಲ, ಮನೋವೈದ್ಯರನ್ನ ನೋಡ್ಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಮನೋಚೈತನ್ಯ ಅಂತ ರಾಜ್ಯ ಸರ್ಕಾರದ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರೋ ವ್ಯವಸ್ಥೆ ಇದೆ, ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಗೆ ಫೋನ್ ಮಾಡಿ ಕೇಳ್ಕೊಂಡು ಹೋಗಿ. ಹೋಗೋಕೆ ಆಗ್ತಿಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರು ಆದ ಕೇಂದ್ರ ಸರ್ಕಾರದ ಸಹಾಯವಾಣಿ, ದಿನದ 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡ್ಬೇಕಾಗಿಲ್ಲ. ನಾನಿಲ್ಲದಿದ್ರೆ ಎಲ್ಲ ಸರಿಹೋಗುತ್ತೆ, ಇದ್ದು ಏನು ಪ್ರಯೋಜನ ಅನ್ನೋ ಥರದ ಯೋಚ್ನೆ ಒಂದೇ ಒಂದು ಸಲ ಬಂದ್ರೂ ಎರಡು ವಾರ ಕಾಯಬೇಡಿ, ಆ ಗಳಿಗೆಯಲ್ಲೇ ಮನೆಯಲ್ಲಿ ಯಾರಿಗಾದ್ರೂ ಹೇಳಿ, ಆ ನಂಬರಿಗೆ ಫೋನ್ ಮಾಡಿ. ತೋಟದ ಮನೆಗಳಲ್ಲಿ ಗಿಡಕ್ಕೆ ಹೊಡೆಯೋ ಔಷಧಿ ಡಬ್ಬಗಳು ಕೈಗೆ ಸಿಗೋ ಹಾಗೆ ಇರ್ತಾವೆ, ಅವನ್ನ ಬೀಗದ ಒಳಗೆ ಇಡೋಕೆ ಯಜಮಾನರಿಗೆ ಈಗಲೇ ಹೇಳಿ, ಇದು ನಿಮಗೆ ಮಾತ್ರ ಅಂತಲ್ಲ, ಪರೀಕ್ಷೆ ಬರೆಯೋ ಮಕ್ಕಳಿರೋ ಎಲ್ಲ ಮನೆಗೂ ಹೇಳ್ತೀನಿ.

ಕೊನೆಗೆ ಮಗನ ವಿಷಯ ಕೇಳಿದ್ರಿ. ಹೇಳಿ. ಹದಿನೇಳು ವರ್ಷದ ಹುಡುಗನಿಗೆ ಅಮ್ಮ ಅಳ್ತಿರೋದು ಗೊತ್ತಾಗದೇ ಇರಲ್ಲ, ಯಾಕೆ ಅಂತ ಗೊತ್ತಿರಲ್ಲ ಅಷ್ಟೇ, ಕಾರಣ ತಿಳಿಯದೇ ಇದ್ದಾಗ ಮಕ್ಕಳು ನನ್ನಿಂದಲೇ ಇರ್ಬೇಕು, ನನ್ನ ಮಾರ್ಕ್ಸ್‌ನಿಂದಲೇ ಇರ್ಬೇಕು ಅಂತ ಅಂದ್ಕೊಳ್ಳೋದು ಜಾಸ್ತಿ. ಎಲ್ಲ ವಿವರ ಬೇಡ, ಗಂಡ ಹೆಂಡತಿ ಮಧ್ಯದ್ದು ಬೇಡ, ದುಡ್ಡಿನ ಕಷ್ಟವನ್ನ ಅವನ ತಲೆ ಮೇಲೆ ಹಾಕೋದು ಬೇಡ. "ನೋಡೋ, ನನಗೆ ಕೆಲವು ದಿನ ತುಂಬ ಸುಸ್ತಾಗುತ್ತೆ, ಮನಸ್ಸಿಗೆ ಬೇಜಾರಾಗುತ್ತೆ, ನಿನ್ನಿಂದ ಅಲ್ಲ, ಡಾಕ್ಟ್ರಿಗೆ ತೋರಿಸ್ತಿದೀನಿ, ಆ ದಿನ ಅಡುಗೆ ಸಿಂಪಲ್ ಇರುತ್ತೆ" ಇಷ್ಟು ಹೇಳಿದ್ರೆ ಸಾಕು. ಕಪಾಟಿನ ಹಾಳೆನೂ ತೋರಿಸಿ. ಅವನಿಗೂ ಒಂದು ಕೆಲಸ ಕೊಡಿ, ದಿನಾ ಸಂಜೆ ನಿಮ್ಮ ಆ ಅರ್ಧ ಗಂಟೆ ಹೊತ್ತಲ್ಲಿ ಅಜ್ಜನ ಹತ್ರ ಕೂತು ಪೇಪರ್ ಓದಿ ಹೇಳೋದು, ನೀರು ಕೇಳಿದ್ರೆ ದಿಂಬು ಎತ್ತರ ಮಾಡಿ ಕೂರಿಸಿ ನಿಧಾನಕ್ಕೆ ಕುಡಿಸೋದು, ಅದನ್ನ ಹೇಗೆ ಮಾಡ್ಬೇಕು ಅಂತ ಒಂದೆರಡು ದಿನ ನೀವೇ ಜೊತೆಗೆ ನಿಂತು ಕಲಿಸಿ. ಪರೀಕ್ಷೆ ಹತ್ರ ಬಂದಾಗ ಆ ಅರ್ಧ ಗಂಟೆ ಯಜಮಾನರು ತಗೊಳ್ಳಲಿ.